ದುರ್ಗದಲ್ಲಿ ಬರೆಸಿದ ಚೆರೋಕಿ ಅಜ್ಜಿ: ಕೆಲಸ ಚೆನ್ನ, ಟೈಮು ಮಾತ್ರ ಕೇಳಬೇಡಿ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ನಾಲ್ಕು ಸ್ಟಾರ್. ಐದನೆಯದು ಯಾಕೆ ಕೊಡಲಿಲ್ಲ ಅಂತ ಹೇಳುವುದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಆತುರ ಇದ್ದವರು ಇಲ್ಲಿಗೇ ನಿಲ್ಲಿಸಬಹುದು.

ಚಿತ್ರದುರ್ಗದ ದೊಡ್ಡಪೇಟೆ ಹತ್ತಿರದ ಒಂದು ಸಂದಿಯಲ್ಲಿ ಭಾವಚಿತ್ರ ಬರೆದುಕೊಡುವ ಪೇಂಟರ್ ಒಬ್ಬರಿದ್ದಾರೆ. ವಯಸ್ಸು ಅರವತ್ತು ದಾಟಿದೆ. ಒಂದು ಕಾಲದಲ್ಲಿ ಊರಿನ ಅರ್ಧ ಅಂಗಡಿಗಳ ಬೋರ್ಡು, ಟಾಕೀಸುಗಳ ಬ್ಯಾನರು ಬರೆದವರು, ಈಗ ಅವರ ಮನೆ ಮುಂದೆಯೇ ಒಂದು ಬೋರ್ಡಿಲ್ಲ. ಫ್ಲೆಕ್ಸ್ ಬಂದ ಮೇಲೆ ಆ ಕೆಲಸ ನಿಂತುಹೋಯಿತು, ಈಗ ತೀರಿಹೋದವರ ಫೋಟೋ ನೋಡಿ ಆಯಿಲ್ ಪೇಂಟಿಂಗ್ ಮಾಡಿಕೊಡುತ್ತಾರೆ, ಮಠಗಳಿಗೆ ಸ್ವಾಮಿಗಳ ಚಿತ್ರ ಬರೆಯುತ್ತಾರೆ. ಹೆಸರು ಹಾಕಬೇಡಿ ಅಂದಿದ್ದಾರೆ. "ಹಾಕಿದ್ರೆ ಎಲ್ರೂ ಫೋನ್ ಮಾಡ್ತಾರೆ ಅಕ್ಕೋರೆ, ಕೆಲ್ಸ ಯಾವಾಗ ಮಾಡ್ಲಿ?" ಆ ಕಡೆ ಹೋಗಿ ಯಾವ ಟೀ ಅಂಗಡಿಯಲ್ಲಿ ಕೇಳಿದರೂ ಮನೆ ತೋರಿಸುತ್ತಾರೆ. ನನಗೆ ಇವರ ವಿಷಯ ಹೇಳಿದ್ದು ದಾವಣಗೆರೆಯಲ್ಲಿ ಚಿತ್ರಕಲೆ ಓದುತ್ತಿರುವ ಪಕ್ಕದ ಮನೆ ಹುಡುಗ.

ನಾನು ದಾವಣಗೆರೆಯವಳು. ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ರಿಟೈರ್ ಆಗಿದ್ದೇನೆ. ಮಗಳು ಅಮೆರಿಕದ ಟೆನೆಸಿ ರಾಜ್ಯದಲ್ಲಿದ್ದಾಳೆ. ಹೋದ ಸಲ ಅವಳ ಮನೆಗೆ ಹೋದಾಗ ಒಂದು ಭಾನುವಾರ ಕಾರಲ್ಲಿ ಎಲ್ಲಿಗೋ ಹೋಗುವಾಗ ಬೆಂಟನ್ ಅನ್ನುವ ಸಣ್ಣ ಊರಿನ ಹತ್ತಿರ, ಹೆದ್ದಾರಿ ಪಕ್ಕದ ಒಂದು ದಿಬ್ಬದ ಮೇಲೆ ನಿಲ್ಲಿಸಿದಳು. ಕಲ್ಲು ಪೇರಿಸಿದ ಒಂದು ಸಮಾಧಿ. ಅಲ್ಲಿ ಮಲಗಿರುವುದು ನ್ಯಾನ್ಸಿ ವಾರ್ಡ್, ಅಮೆರಿಕದ ಮೂಲನಿವಾಸಿಗಳಾದ ಚೆರೋಕಿ ಜನರವಳು, ಚೆರೋಕಿ ಹೆಸರು ನ್ಯಾನ್ಯೆಹಿ. "ಅಮ್ಮ, ಇವಳು ಇಲ್ಲಿಯ ಓಬವ್ವ" ಅಂದಳು ಮಗಳು. ನಾನು ನಕ್ಕೆ. ಆಮೇಲೆ ಅವಳು ಕಥೆ ಹೇಳಿದಳು, ನಗು ನಿಂತುಹೋಯಿತು.

1755. ತಲಿವಾ ಅನ್ನುವ ಜಾಗದಲ್ಲಿ ಚೆರೋಕಿಗಳಿಗೂ ಕ್ರೀಕ್ ಜನರಿಗೂ ಯುದ್ಧ. ನ್ಯಾನ್ಯೆಹಿಗೆ ಆಗ ಹದಿನೇಳು ಹದಿನೆಂಟು ವರ್ಷ. ಗಂಡನ ಹೆಸರು ಕಿಂಗ್‌ಫಿಶರ್, ಅಂದರೆ ನಮ್ಮ ಮಿಂಚುಳ್ಳಿ (ನಮ್ಮವರಿಗೆ ಈ ಹೆಸರು ಕೇಳಿದರೆ ಬೇರೇನೋ ನೆನಪಾಗುತ್ತದೆ, ಬಿಡಿ). ಗಂಡ ಗುಂಡು ಹಾರಿಸುತ್ತಿದ್ದರೆ ಇವಳು ಒಂದು ಮರದ ದಿಮ್ಮಿಯ ಹಿಂದೆ ಕೂತು ಸೀಸದ ಗುಂಡುಗಳನ್ನು ಹಲ್ಲಲ್ಲಿ ಕಚ್ಚಿ ಕಚ್ಚಿ ಕೊಡುತ್ತಿದ್ದಳಂತೆ, ಕಚ್ಚಿದ ಗುಂಡು ಜಾಸ್ತಿ ಗಾಯ ಮಾಡುತ್ತದೆ ಅಂತ. ಗಂಡ ಸತ್ತು ಬಿದ್ದ. ಅವನ ಕೋವಿ ಎತ್ತಿಕೊಂಡು ತಾನೇ ಯುದ್ಧಕ್ಕೆ ಇಳಿದಳು. ಚೆರೋಕಿಗಳು ಗೆದ್ದರು. ಅವಳಿಗೆ ಘಿಗೌ ಅನ್ನುವ ಪದವಿ ಕೊಟ್ಟರು. ಇಡೀ ಕುಲಕ್ಕೆ ಪ್ರೀತಿಪಾತ್ರಳಾದವಳು ಅನ್ನಬಹುದು. ಆ ಪದವಿಯವರಿಗೆ ಸಭೆಯಲ್ಲಿ ಕೂತು ಮಾತಾಡುವ ಹಕ್ಕು, ಸೆರೆ ಸಿಕ್ಕವರನ್ನು ಕೊಲ್ಲಬೇಕೋ ಬಿಡಬೇಕೋ ಅಂತ ಹೇಳುವ ಹಕ್ಕು. ಹಂಸದ ರೆಕ್ಕೆಯೊಂದನ್ನು ಬೀಸಿದರೆ ಸಾಕು, ಆ ಜೀವ ಉಳಿಯಿತು ಅಂತಲೇ ಅರ್ಥ.

ಗಂಡ ಊಟಕ್ಕೆ ಕೂತಾಗ ಒನಕೆ ಹಿಡಿದ ಹೆಣ್ಣಿನ ಕಥೆ ಕೇಳಿ ಬೆಳೆದವರು ನಾವು. ಊರಿಗೆ ವಾಪಸ್ ಬಂದ ಮೇಲೂ ತಲೆಯಿಂದ ಇದು ಹೋಗಲಿಲ್ಲ. ಮಗಳ ಹೊಸ ಮನೆಗೆ ಏನಾದರೂ ಕೊಡಬೇಕಿತ್ತು. ಈ ಅಜ್ಜಿಯ ಭಾವಚಿತ್ರ ಬರೆಸಿ ಕೊಡೋಣ ಅನ್ನಿಸಿತು. (ಕೊನೆಗೆ ಅದು ನಮ್ಮ ಮನೆ ಹಾಲಲ್ಲೇ ಉಳಿಯಿತು. ಅದು ಬೇರೆ ಕಥೆ, ಮಗಳ ಜೊತೆ ಇನ್ನೂ ಜಗಳ ನಡೀತಿದೆ.)

ಈಗ ಪೇಂಟರ್ ವಿಷಯಕ್ಕೆ ಬರುತ್ತೇನೆ.

ಮೊದಲ ದಿನ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಫೋಟೋ ಎಲ್ಲಿ?" ಫೋಟೋ ಇಲ್ಲ ಅಂದೆ. "ಹಳೇ ಚಿತ್ರ?" ಅದೂ ಇಲ್ಲ. ಬದುಕಿದ್ದಾಗ ಈಕೆಯನ್ನು ಎದುರಿಗೆ ಕೂರಿಸಿಕೊಂಡು ಯಾರೂ ಬರೆದಿಲ್ಲ. ಚೆರೋಕಿ ಗಂಡಸರ ಚಿತ್ರ ಇವೆ. 1762ರಲ್ಲಿ ಮೂವರು ಚೆರೋಕಿ ನಾಯಕರು ಲಂಡನ್‌ಗೆ ಹೋಗಿದ್ದರು, ಅವರಲ್ಲಿ ಒಸ್ಟೆನಾಕೊ ಅನ್ನುವವನನ್ನು ಜೋಶುವಾ ರೆನಾಲ್ಡ್ಸ್ ಬರೆದ, ಇನ್ನೊಬ್ಬನನ್ನು ಫ್ರಾನ್ಸಿಸ್ ಪಾರ್ಸನ್ಸ್ ಬರೆದ. ಹೆಂಗಸರನ್ನು ಲಂಡನ್‌ಗೆ ಯಾರು ಕರೆದರು? ಹಾಗಾಗಿ ಮುಖ ಉಳಿಯಲಿಲ್ಲ. ಇದನ್ನೆಲ್ಲ ಹೇಳಿದೆ. ಅವರು ಬೀಡಿ ಆರಿಸಿ, "ನಮ್ಮ ಓಬವ್ವಂದು ಯಾವ ಫೋಟೋ ಇತ್ತು ಅಕ್ಕೋರೆ, ಡಿಸಿ ಆಫೀಸ್ ಮುಂದೆ ನಿಲ್ಸಿಲ್ವಾ" ಅಂದರು. ಅಲ್ಲಿಗೆ ಕೆಲಸ ಒಪ್ಪಿಕೊಂಡಂತಾಯಿತು.

ರೇಟು: 24 ಇಂಚು ಅಗಲ, 36 ಇಂಚು ಎತ್ತರ, ಕ್ಯಾನ್ವಾಸ್ ಮೇಲೆ ಆಯಿಲ್, 18,000 ರೂಪಾಯಿ. ಅಡ್ವಾನ್ಸ್ 5,000. ಬಣ್ಣ, ಕ್ಯಾನ್ವಾಸ್ ಎಲ್ಲ ಅವರದೇ. ಫ್ರೇಮ್ ನಮ್ಮದು. ಆರು ವಾರ ಅಂದರು. ತಗೊಂಡಿದ್ದು ಐದು ತಿಂಗಳು. ನಡುವೆ ಒಂದು ಜಾತ್ರೆ, ಒಂದು ಮದುವೆ, ಒಂದು ಎಲೆಕ್ಷನ್ ಬಂತು. ಎಲೆಕ್ಷನ್‌ಗೂ ಪೇಂಟಿಂಗಿಗೂ ಏನು ಸಂಬಂಧ ಅಂತ ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಫೋನ್ ಎತ್ತುವುದಿಲ್ಲ, ಇದು ದೊಡ್ಡ ದೂರು. ದಾವಣಗೆರೆಯಿಂದ ದುರ್ಗಕ್ಕೆ 60 ಕಿಲೋಮೀಟರ್, ಹೋಗಿ ನೋಡಿದರೆ ಬಾಗಿಲಿಗೆ ಬೀಗ, ಹೀಗೆ ಎರಡು ಸಲ ಆಯಿತು. ನೀವು ಹೋಗುವುದಾದರೆ ಬೆಳಿಗ್ಗೆ ಹತ್ತರೊಳಗೆ ಹೋಗಿ, ಬೆಳಕು ಚೆನ್ನಾಗಿರುವಾಗ ಅವರು ಮನೆ ಬಿಟ್ಟು ಹೋಗಲ್ಲ.

ಮೂರನೇ ವಾರಕ್ಕೆ ಪೆನ್ಸಿಲ್ ಸ್ಕೆಚ್ ತೋರಿಸಿದರು. ನೋಡಿ ನನಗೆ ಅಳುವೋ ನಗುವೋ ಗೊತ್ತಾಗಲಿಲ್ಲ. ತಲೆ ತುಂಬ ಗರಿಗಳ ಕಿರೀಟ, ಹಿಂದೆ ಚೂಪು ಚೂಪಾದ ಚರ್ಮದ ಡೇರೆಗಳು, ಪಕ್ಕದಲ್ಲಿ ಕುದುರೆ. ಸಿನಿಮಾದಲ್ಲಿ ನೋಡಿದ್ದನ್ನೆಲ್ಲ ಹಾಕಿಬಿಟ್ಟಿದ್ದರು. ಅವರನ್ನು ಬೈಯುವ ಹಾಗೂ ಇಲ್ಲ, ನಾನೂ ಮಕ್ಕಳಿಗೆ ಪಾಠ ಮಾಡುವಾಗ ಬೋರ್ಡ್ ಮೇಲೆ ಅದೇ ಗರಿ ಬರೆದವಳು. ಆ ದೊಡ್ಡ ಗರಿಯ ಕಿರೀಟ, ಆ ಡೇರೆ ಎಲ್ಲ ಅಮೆರಿಕದ ಬಯಲು ಸೀಮೆಯ ಸು, ಶೈಯೆನ್ ತರಹದ ಜನರದ್ದು. ಚೆರೋಕಿಗಳು ಬೆಟ್ಟ ಕಾಡಿನವರು, ಅಪಲೇಶಿಯನ್ ಬೆಟ್ಟಗಳ ನಡುವೆ ನದಿ ದಂಡೆಗಳಲ್ಲಿ ಊರು ಕಟ್ಟಿಕೊಂಡು, ಮಣ್ಣು ಮೆತ್ತಿದ ಮನೆ, ಆಮೇಲೆ ಮರದ ದಿಮ್ಮಿಯ ಮನೆ, ಹೊಲ ಗದ್ದೆ ಮಾಡಿಕೊಂಡು ಇದ್ದವರು. ಮನೆ, ಹೊಲ ಹೆಂಗಸರ ಕೈಯಲ್ಲಿ. ಮಕ್ಕಳಿಗೆ ತಾಯಿಯ ಬಳಿಯೇ ಬರುತ್ತದೆ, ಬಳಿ ಅಂದರೆ ನಮ್ಮ ಬೆಡಗು, ಗೋತ್ರ ಇದ್ದ ಹಾಗೆ. ಒಟ್ಟು ಏಳು ಬಳಿಗಳು, ಈಕೆ ತೋಳದ ಬಳಿಯವಳು. ಏಳು ಅಂದ ಕೂಡಲೇ ಪೇಂಟರ್ ಕಿವಿ ನೆಟ್ಟಗಾಯಿತು. ಏಳು ಸುತ್ತಿನ ಕೋಟೆಯವರಿಗೆ ಆ ಸಂಖ್ಯೆ ಸಿಕ್ಕರೆ ಸಾಕು.

ಅವರ ಒಳ್ಳೆಯ ಗುಣ ಏನೆಂದರೆ ತಪ್ಪು ಅಂತ ಹೇಳಿದರೆ ಸಿಟ್ಟಾಗಲ್ಲ. ರಬ್ಬರ್ ತಗೊಂಡು ಇಡೀ ಕಿರೀಟ ಅಳಿಸಿದರು. "ಮತ್ತೆ ತಲೆಗೇನು?" ಅಂದರು. 1761ರ ಚಳಿಗಾಲದಲ್ಲಿ ಚೆರೋಕಿಗಳ ಊರಿಗೆ ಹೋಗಿ ಅವರ ಜೊತೆಗಿದ್ದ ಹೆನ್ರಿ ಟಿಂಬರ್ಲೇಕ್ ಎಂಬ ಸೈನಿಕ ಅಲ್ಲಿನ ಹೆಂಗಸರ ಕೂದಲ ಬಗ್ಗೆ ಬರೆದಿಟ್ಟಿದ್ದಾನೆ: ಮೊಣಕಾಲು ದಾಟುವಷ್ಟು ಉದ್ದ, ಗಂಟು ಹಾಕಿ ಬಣ್ಣಬಣ್ಣದ ರಿಬ್ಬನ್ ಕಟ್ಟುತ್ತಿದ್ದರಂತೆ. ಅದನ್ನು ಹೇಳಿದೆ. ಕೂದಲು, ರಿಬ್ಬನ್ ಅಂದರೆ ನಮ್ಮ ಊರಿನ ಪೇಂಟರಿಗೆ ಹೇಳಿಕೊಡಬೇಕಾ? ಚಿತ್ರದಲ್ಲಿ ಅತಿ ಚೆನ್ನಾಗಿ ಬಂದಿರುವುದೇ ಆ ಕೂದಲು. ನೆರೆತ ಕೂದಲಿನ ಗಂಟು, ಅದರೊಳಗಿಂದ ಇಣುಕುವ ಒಂದು ಮಾಸಿದ ಕೆಂಪು ರಿಬ್ಬನ್.

ನನಗೆ ಕೋವಿ ಹಿಡಿದ ಹುಡುಗಿ ಬೇಕಿತ್ತು. ಅವರು ಒಪ್ಪಲಿಲ್ಲ. "ಕೋವಿ ಕೊಟ್ರೆ ನೋಡೋರು ಕೋವಿನೇ ನೋಡ್ತಾರೆ. ಆಮೇಲೆ ಏನಾದ್ಲು ಹೇಳಿ" ಅಂದರು. ಆಮೇಲಿನದು ದೊಡ್ಡ ಕಥೆ. ಬಿಳಿಯರು ಬೆಟ್ಟ ದಾಟಿ ಬಂದು ಚೆರೋಕಿಗಳ ನೆಲದಲ್ಲಿ ಮನೆ ಕಟ್ಟತೊಡಗಿದರು. 1775ರಲ್ಲಿ ದೊಡ್ಡ ಭೂಮಿಯನ್ನು ಹಿರಿಯರು ಮಾರಿಬಿಟ್ಟರು. ಈಕೆಯ ಸಂಬಂಧಿ ಡ್ರ್ಯಾಗಿಂಗ್ ಕನೂ ಎಂಬ ಯುವ ನಾಯಕ ಒಪ್ಪದೆ ಮಾರನೇ ವರ್ಷ ಯುದ್ಧಕ್ಕೆ ಹೊರಟ. ಈಕೆ ಆ ದಾಳಿಯ ಸುದ್ದಿಯನ್ನು ಬಿಳಿಯರಿಗೆ ಮೊದಲೇ ಮುಟ್ಟಿಸಿದಳು. ಅದೇ ವರ್ಷ ಸೆರೆ ಸಿಕ್ಕಿ ಸುಡುವ ಕಂಬಕ್ಕೆ ಕಟ್ಟಿದ್ದ ಲಿಡಿಯಾ ಬೀನ್ ಎಂಬ ಬಿಳಿ ಹೆಂಗಸನ್ನು ಬಿಡಿಸಿದಳು. ಆ ಲಿಡಿಯಾ ಇವಳಿಗೆ ಮಗ್ಗದಲ್ಲಿ ನೇಯುವುದು, ಹಸುವಿನ ಹಾಲಿಂದ ಬೆಣ್ಣೆ ತೆಗೆಯುವುದು ಕಲಿಸಿದಳಂತೆ. ದಾವಣಗೆರೆಯವಳಾಗಿ ಬೆಣ್ಣೆ ವಿಷಯ ಬಿಡಕ್ಕಾಗುತ್ತಾ, ಅದನ್ನೂ ಹೇಳಿದೆ.

ಪೇಂಟರ್ ಸುಮ್ಮನೆ ಕೂತು ಕೇಳಿ, "ಹಂಗಾದ್ರೆ ಈಯಮ್ಮ ಒಳಗಿಂದ ಹೊರಗೆ ಸುದ್ದಿ ಕೊಟ್ಟೋಳಾ?" ಅಂದರು. ದುರ್ಗದವರ ಬಾಯಲ್ಲಿ ಈ ಪ್ರಶ್ನೆ ಹಗುರ ಅಲ್ಲ, ಅಲ್ವಾ? ಓಬವ್ವ ಕಿಂಡಿ ಮುಚ್ಚಿದವಳು. ಇವಳು ಕಿಂಡಿ ತೆಗೆದವಳಾ? ನಾನು ಮೇಡಮ್ ಆಗಿ ಮೂವತ್ತು ವರ್ಷ ಉತ್ತರ ಹೇಳಿದವಳು, ಆವತ್ತು ಉತ್ತರ ಬರಲಿಲ್ಲ. ಈಕೆ ದ್ರೋಹಿ ಅನ್ನುವವರೂ ಇದ್ದಾರೆ, ರಕ್ತ ಹರಿಯುವುದು ತಪ್ಪಿಸಿದವಳು ಅನ್ನುವವರೂ ಇದ್ದಾರೆ. ನನಗೆ ಗೊತ್ತಿದ್ದದ್ದು ಇಷ್ಟೇ, 1781ರಲ್ಲಿ ಸಂಧಿ ಮಾತುಕತೆಗೆ ಹೋಗಿ ಶಾಂತಿ ಬೇಕು ಅಂತ ಗಂಡಸರ ನಡುವೆ ನಿಂತು ಮಾತಾಡಿದ ಇದೇ ಹೆಂಗಸು, 1817ರಲ್ಲಿ ಮುದುಕಿಯಾಗಿ ಸಭೆಗೆ ಬರಲಾಗದೆ ತನ್ನವರಿಗೆ ಹೇಳಿಕಳಿಸಿದ್ದು, ಇನ್ನು ನೆಲ ಕೊಡಬೇಡಿ ಅಂತ. ಎರಡೇ ವರ್ಷಕ್ಕೆ ಇನ್ನೊಂದು ಒಪ್ಪಂದ ಆಯಿತು, ಅವಳ ಹುಟ್ಟೂರಿನ ಕಡೆಯ ನೆಲವೂ ಹೋಯಿತು. ಒಕೋಯಿ ನದಿ ದಂಡೆಗೆ ಬಂದು ದಾರಿಹೋಕರಿಗೆ ಛತ್ರದಂಥದ್ದೊಂದು ನಡೆಸಿದಳು. 1822ರ ಸುಮಾರಿಗೆ ತೀರಿಕೊಂಡಳು. ಆಮೇಲೆ 1838, 39ರಲ್ಲಿ ಸುಮಾರು 16,000 ಚೆರೋಕಿಗಳನ್ನು ಸೈನ್ಯ ತಂದು ಪಶ್ಚಿಮಕ್ಕೆ ಅಟ್ಟಿದರು, ದಾರಿಯಲ್ಲಿ 4,000ದಷ್ಟು ಜನ ಸತ್ತರು. ಅದನ್ನು ನೋಡಲು ಅವಳಿರಲಿಲ್ಲ.

"ಸರಿ, ಮುದುಕಿನೇ ಬರೀತೀನಿ. ಮುಖದಾಗೆ ಗೆಲುವು ಬ್ಯಾಡ" ಅಂದರು. ಕೈಗೆ ಹಂಸದ ರೆಕ್ಕೆ ಅಂತ ಆಯಿತು.

ರೆಕ್ಕೆಯದ್ದು ಒಂದು ತಿಂಗಳ ಗೋಳು. ಅವರು ಹಂಸ ನೋಡಿದ್ದು ರವಿವರ್ಮನ ದಮಯಂತಿ ಕ್ಯಾಲೆಂಡರಿನಲ್ಲಿ ಮಾತ್ರ. ಮೊದಲು ಬರೆದ ರೆಕ್ಕೆ ಬೆಳ್ಳಕ್ಕಿಯದರಂತೆ ತೆಳ್ಳಗಿತ್ತು. ಕೊನೆಗೆ ಯಾರದೋ ತೋಟದಲ್ಲಿ ಕಾವಲಿಗೆ ಸಾಕಿದ ಹೆಬ್ಬಾತುಗಳ ಉದುರಿದ ಗರಿ ಆರಿಸಿ ತಂದು, ಕಡ್ಡಿಗೆ ಕಟ್ಟಿ, ಅದನ್ನು ನೋಡಿ ಬರೆದರು. ಬಿಳಿ ಅಂದರೆ ಬರೀ ಬಿಳಿ ಅಲ್ಲ, ಅದರಲ್ಲಿ ಹಳದಿ ಓಕರ್ ಇದೆ, ಬೂದು ಇದೆ, ಬೆರಳ ಹತ್ತಿರ ಚರ್ಮದ ಕೆಂಪಿನ ನೆರಳಿದೆ. ಇದು ಮಾತ್ರ ಫೋಟೋದಲ್ಲಿ ಕಾಣಲ್ಲ, ಎದುರಿಗೆ ನಿಂತು ನೋಡಬೇಕು.

ಅವರ ಕೆಲಸದ ವಿಧಾನ ಇನ್ನೂ ಬ್ಯಾನರ್ ಕಾಲದ್ದೇ. ಸ್ಕೆಚ್ ಮೇಲೆ ಚೌಕ ಹಾಕಿ, ಕ್ಯಾನ್ವಾಸ್ ಮೇಲೂ ಅಷ್ಟೇ ಚೌಕ ಹಾಕಿ, ಒಂದೊಂದು ಚೌಕ ನೋಡಿ ದೊಡ್ಡದು ಮಾಡುತ್ತಾರೆ. ಆಮೇಲೆ ಇಡೀ ಚಿತ್ರ ಬರೀ ಕಂದು ಬಣ್ಣದಲ್ಲಿ, ಬರ್ಂಟ್ ಅಂಬರ್‌ಗೆ ಟರ್ಪಂಟೈನ್ ಬೆರೆಸಿ. ಅದು ಒಣಗಿದ ಮೇಲೆ ಪದರ ಪದರವಾಗಿ ಬಣ್ಣ, ಮೇಲ್ಮೇಲಿನ ಪದರಕ್ಕೆ ಲಿನ್ಸೀಡ್ ಎಣ್ಣೆ ಜಾಸ್ತಿ. ಕೆಳಗೆ ಎಣ್ಣೆ ಜಾಸ್ತಿಯಾಗಿ ಮೇಲೆ ಕಡಿಮೆಯಾದರೆ ಬಿರುಕು ಬಿಡುತ್ತದಂತೆ. ತಡ ಆಗುವುದಕ್ಕೆ ಅರ್ಧ ಕಾರಣ ಇದು, ಇನ್ನರ್ಧ ಕಾರಣ ಎಲೆಕ್ಷನ್.

ಕೆಂಪು ಬಣ್ಣದ್ದೊಂದು ಮಾತು. ಆ ಕಾಲದಲ್ಲಿ ಚೆರೋಕಿಗಳು ಮುಖಕ್ಕೆ ಹಚ್ಚುತ್ತಿದ್ದ ಉಜ್ವಲ ಕೆಂಪು ವ್ಯಾಪಾರಿಗಳು ತರುತ್ತಿದ್ದ ವರ್ಮಿಲಿಯನ್, ಚೀನಾದ ಮಾಲೂ ಅಲ್ಲಿಯವರೆಗೆ ಹೋಗುತ್ತಿತ್ತು. ನಾನು ವರ್ಮಿಲಿಯನ್ ಅಂದಾಗ ಪೇಂಟರ್, "ಅಂದ್ರೆ ಇಂಗಳೀಕ" ಅಂದರು. ಅವರ ತಾತ ಗುಡಿಯ ಚಿತ್ರಗಳಿಗೆ ಅದನ್ನೇ ಅರೆದು ಹಾಕುತ್ತಿದ್ದರಂತೆ. ಪಾದರಸ ಇರುವ ಬಣ್ಣ, ವಿಷ, ಈಗ ಯಾರೂ ಮುಟ್ಟಲ್ಲ. ಇವರೂ ಟ್ಯೂಬಿನ ಕೆಂಪೇ ಹಾಕಿದ್ದಾರೆ. ಆದರೆ ಟೆನೆಸಿಯ ಅಜ್ಜಿಗೂ ದುರ್ಗದ ತಾತನಿಗೂ ಒಂದೇ ಕೆಂಪು ಅಂತ ತಿಳಿದ ದಿನ ನಾನು ಬಸ್ಸಲ್ಲಿ ಭರಮಸಾಗರ ಬರುವವರೆಗೂ ಅದನ್ನೇ ಯೋಚಿಸುತ್ತಿದ್ದೆ.

ಹಿನ್ನೆಲೆಯಲ್ಲಿ ಮೆಕ್ಕೆಜೋಳದ ಹೊಲ ಇರಲಿ ಅಂದಿದ್ದೆ. ಹೆದ್ದಾರಿ ಪಕ್ಕದ ನಮ್ಮ ಹೈಬ್ರಿಡ್ ಹೊಲವನ್ನೇ ನೇರ ಸಾಲಿನಲ್ಲಿ ಬರೆದುಬಿಟ್ಟರು, ಗೊಬ್ಬರದ ಚೀಲ ಒಂದು ಬಾಕಿ. ಚೆರೋಕಿ ಹೆಂಗಸರು ಸಣ್ಣ ಸಣ್ಣ ಗುಡ್ಡೆ ಮಾಡಿ ಜೋಳ ಹಾಕುತ್ತಿದ್ದರು, ಅದೇ ದಂಟಿಗೆ ಹುರುಳಿಕಾಯಿ ಬಳ್ಳಿ ಹಬ್ಬುತ್ತಿತ್ತು, ಕೆಳಗೆ ನೆಲ ಮುಚ್ಚುವಂತೆ ಕುಂಬಳ. "ಅಕ್ಕಡಿ ಸಾಲು ಅನ್ನಿ" ಅಂದರು. ಸರಿಸುಮಾರು ಅದೇ. ತಿದ್ದಿದರು, ಬೇಸರ ಮಾಡಿಕೊಳ್ಳದೆ.

ಇಷ್ಟೆಲ್ಲ ಹೊಗಳಿದ ಮೇಲೆ ಒಂದು ಸ್ಟಾರ್ ಯಾಕೆ ಕಡಿಮೆ? ಮುಖ.

ಎಲುಬಿನ ಆಕಾರಕ್ಕೆ ಅಂತ ನಾನು ರೆನಾಲ್ಡ್ಸ್, ಪಾರ್ಸನ್ಸ್ ಬರೆದ ಚಿತ್ರಗಳ ಪ್ರಿಂಟು, 1830ರ ದಶಕದಲ್ಲಿ ಅಚ್ಚಾದ ಚೆರೋಕಿ ನಾಯಕರ ಚಿತ್ರಗಳ ಪ್ರಿಂಟು ಎಲ್ಲ ಕೊಟ್ಟಿದ್ದೆ. ಅದರಲ್ಲಿ ಸಿಕ್ವೋಯ ಇದ್ದಾನೆ, ಓದು ಬರಹ ಬಾರದಿದ್ದರೂ 1821ರ ಹೊತ್ತಿಗೆ ತನ್ನ ಭಾಷೆಗೆ ತಾನೇ ಲಿಪಿ ಮಾಡಿದವನು. ನಮ್ಮ ಕಾಗುಣಿತದ ಹಾಗೆ ಒಂದು ಉಚ್ಚಾರಕ್ಕೆ ಒಂದು ಅಕ್ಷರ, ಈಗ 85 ಅಕ್ಷರ. ಆ ಪ್ರಿಂಟುಗಳನ್ನೆಲ್ಲ ಗೋಡೆಗೆ ಅಂಟಿಸಿಕೊಂಡಿದ್ದರು, ನಿಜ. ಕೆನ್ನೆಯ ಎಲುಬು ಅಲ್ಲಿಂದಲೇ ಬಂದಿದೆ. ಆದರೆ ಕಣ್ಣು, ಬಾಯಿ, ಗಲ್ಲದ ಸುಕ್ಕು? ಮನೆಗೆ ತಂದು ನಿಲ್ಲಿಸಿದ ಕೂಡಲೇ ನನ್ನ ತಂಗಿ, "ಅಯ್ಯೋ, ಇದು ನಮ್ಮ ಜಗಳೂರು ದೊಡ್ಡಮ್ಮ ಅಲ್ವೇನೇ?" ಅಂದಳು. ಒಂದು ಸಲ ಹಾಗೆ ಕಂಡ ಮೇಲೆ ಮುಗೀತು. ನನಗೂ ದೊಡ್ಡಮ್ಮನೇ ಕಾಣುತ್ತಾಳೆ, ಇನ್ನೇನು ರೊಟ್ಟಿ ತಟ್ಟಲು ಏಳುತ್ತಾಳೆ ಅನ್ನುವ ಹಾಗೆ. ನಾನು ಪೇಂಟರಿಗೆ ಹೇಳಿದೆ, ಎರಡು ಸಲ ತಿದ್ದಿದರು. ಎರಡು ಸಲವೂ ದೊಡ್ಡಮ್ಮ ವಾಪಸ್ ಬಂದಳು. ಮೂರನೇ ಸಲ ಬ್ರಶ್ ಇಟ್ಟುಬಿಟ್ಟರು. "ನಂಗೆ ಗೊತ್ತಿರೋ ಮುದುಕೇರು ಇವ್ರೇ ಅಕ್ಕೋರೆ. ಬೇರೆ ಮುದುಕಿ ಎಲ್ಲಿಂದ ತರ್ಲಿ" ಅಂದರು.

ಇದನ್ನು ತಪ್ಪು ಅಂತಲೇ ಹೇಳುತ್ತೇನೆ. ಮಗಳ ಜಾಗದಲ್ಲಿ ನಿಂತು ನೋಡಿದರೆ, ಚೆರೋಕಿ ಗೆಳತಿಯೊಬ್ಬಳು ಮನೆಗೆ ಬಂದರೆ ಅವಳಿಗೆ ಏನು ಹೇಳುವುದು? ಅವರ ಅಜ್ಜಿಗೆ ನಮ್ಮ ಅಜ್ಜಿಯ ಮುಖ ಅಂಟಿಸಿದ್ದೇವೆ ಅಂತಲಾ? ಅವರ ನೆಲ ಹೋಯಿತು, ಮುಖವೂ ನಾವೇ ತಗೊಂಡ ಹಾಗಾಯಿತು. ಚಿತ್ರ ಟೆನೆಸಿಗೆ ಹೋಗದೆ ಇಲ್ಲೇ ಉಳಿದದ್ದಕ್ಕೆ ನಿಜವಾದ ಕಾರಣ ಇದು, ಕೊರಿಯರ್ ಖರ್ಚಲ್ಲ. ಆದರೆ ಹಾಲಲ್ಲಿ ಕೂತು ದಿನಾ ನೋಡುವವಳು ನಾನು, ಆ ಮುಖ ನನಗೆ ಬೇಕು ಅನ್ನುವುದೂ ನಿಜ.

ಫ್ರೇಮಿನ ಕಥೆ ಬೇಗ ಮುಗಿಸುತ್ತೇನೆ. ದಾವಣಗೆರೆಯ ಒಂದು ಫ್ರೇಮ್ ಅಂಗಡಿಗೆ ಕೊಟ್ಟೆ, ಹೆಸರು ಬೇಡ. ಆಯಿಲ್ ಪೇಂಟಿಂಗ್, ಪೂರ್ತಿ ಒಣಗಿಲ್ಲ, ಗಾಜು ಹಾಕಬೇಡಿ ಅಂತ ಎರಡು ಸಲ ಹೇಳಿದ್ದೆ. ಗಾಜು ಹಾಕಿದರು, ಅದೂ ಚಿತ್ರಕ್ಕೆ ಒತ್ತಿ. ಬಿಚ್ಚಿದಾಗ ರೆಕ್ಕೆಯ ತುದಿಯ ಬಣ್ಣ ಗಾಜಿಗೆ ಅಂಟಿಕೊಂಡು ಬಂತು. ಅವರು ಗಾಜಿನ ದುಡ್ಡನ್ನೂ ವಾಪಸ್ ಕೊಡಲಿಲ್ಲ. ಪೇಂಟರಿಗೆ ಹೇಳೋಣ ಅಂದರೆ ಫೋನ್ ಎತ್ತಲ್ಲ ಅಂತ ಗೊತ್ತೇ ಇದೆ, ಪಕ್ಕದ ಮನೆ ಹುಡುಗನ ಕೈಲಿ ಹೇಳಿಕಳಿಸಿದೆ. ಮಾರನೇ ದಿನ ಬೆಳಿಗ್ಗೆ ಎಂಟಕ್ಕೆ ಬ್ರಶ್, ಎರಡು ಟ್ಯೂಬ್, ಆ ಕಡ್ಡಿಗೆ ಕಟ್ಟಿದ ಗರಿ ಎಲ್ಲ ಒಂದು ಬಟ್ಟೆ ಚೀಲದಲ್ಲಿ ಹಾಕಿಕೊಂಡು ಬಸ್ಸಲ್ಲಿ ಬಂದಿಳಿದರು. ಸಂಜೆವರೆಗೂ ನಮ್ಮ ವರಾಂಡದಲ್ಲಿ ಕೂತು ಸರಿ ಮಾಡಿದರು. ದುಡ್ಡು ಮುಟ್ಟಲಿಲ್ಲ. ಮಂಡಕ್ಕಿ ಮೆಣಸಿನಕಾಯಿ ಮಾತ್ರ ಎರಡು ಪ್ಲೇಟ್ ತಿಂದರು. ನಾಲ್ಕು ಸ್ಟಾರಲ್ಲಿ ಒಂದು ಆ ದಿನದ್ದು.

ಹೋಗುವವರಿಗೆ ನಾಲ್ಕು ಮಾತು. ಪೂರ್ತಿ ದುಡ್ಡು ಮೊದಲೇ ಕೊಡಬೇಡಿ, ಸ್ಕೆಚ್ ಆದಾಗ ಸ್ವಲ್ಪ, ಕಂದು ಪದರ ಆದಾಗ ಸ್ವಲ್ಪ, ಹೀಗೆ ಕೊಡಿ. ಏನು ಬೇಕೋ ಅದರ ಚಿತ್ರ ತಗೊಂಡು ಹೋಗಿ, ಬಾಯಲ್ಲಿ ಹೇಳಿದರೆ ಸಿನಿಮಾ ಬಂದುಬಿಡುತ್ತದೆ. ಫೋಟೋ ಇರುವವರ ಭಾವಚಿತ್ರಕ್ಕಾದರೆ ಕಣ್ಣು ಮುಚ್ಚಿ ಕೊಡಬಹುದು, ಅಲ್ಲೇ ಇದ್ದ ಬೇರೆಯವರ ಕೆಲಸ ನಾಲ್ಕೈದು ನೋಡಿದೆ, ಹೋಲಿಕೆ ಅಚ್ಚುಕಟ್ಟು. ಫೋಟೋ ಇಲ್ಲದವರದ್ದು ಬರೆಸುವುದಾದರೆ ನಿಮ್ಮ ಮನೆಯ ಹಿರಿಯರು ಯಾರಾದರೂ ಅಲ್ಲಿ ಬಂದು ಕೂರುತ್ತಾರೆ, ಅದಕ್ಕೆ ತಯಾರಾಗಿ ಹೋಗಿ.

ವಾರ್ನಿಶ್ ಇನ್ನೂ ಬಾಕಿ ಇದೆ. ಬಣ್ಣ ಒಳಗಿಂದ ಒಣಗಲು ಆರು ತಿಂಗಳಿಂದ ಒಂದು ವರ್ಷ ಬೇಕು, ಅದಕ್ಕೆ ಮೊದಲು ಹಚ್ಚಬಾರದಂತೆ. ದಸರಾ ಮುಗಿದ ಮೇಲೆ ತಾನೇ ಬಂದು ಹಚ್ಚುತ್ತೇನೆ ಅಂದಿದ್ದಾರೆ. ಯಾವ ವರ್ಷದ ದಸರಾ ಅಂತ ನಾನು ಕೇಳಿಲ್ಲ.